ರಾಘವ ಕಲಾಮಂದಿರದಲ್ಲಿ ನಮ್ಮೂರ ಕುರುಕ್ಷೇತ್ರ

ಭತ್ತದ ರಾಶಿ ಕಾಯುವವರು ನಿದ್ದೆ ಮಾಡುವಂತಿಲ್ಲ. ಅದಕ್ಕೇ ಸುಗ್ಗಿ ಮುಗಿಯುವ ತನಕ ತೆಕ್ಕಲಕೋಟೆ ಸುತ್ತಿನ ಕಣಗಳಲ್ಲಿ ರಾತ್ರಿಯಿಡೀ ಬೆಂಕಿ ಉರಿಯುತ್ತಿರುತ್ತದೆ. ಕಟ್ಟಿಗೆಗೆ ಬರವಿಲ್ಲ, ಬಳ್ಳಾರಿ ಜಾಲಿ ಬೇಡವೆಂದರೂ ಬೆಳೆಯುತ್ತದೆ. ಬೆಂಕಿ ಸುತ್ತ ಕೂತ ಹುಡುಗರು ಮೊಬೈಲಿನ ಚಾರ್ಜು ಮುಗಿದ ಮೇಲೆ ನನ್ನ ಕಡೆ ತಿರುಗುತ್ತಾರೆ. "ಮಾವಾ, ಆ ನಾಟಕದ್ದು ಹೇಳು" ಅನ್ನುತ್ತಾರೆ. ಯಾವ ನಾಟಕ ಎಂದು ನಾನೂ ಕೇಳುವುದಿಲ್ಲ. ನಮ್ಮೂರ ಕುರುಕ್ಷೇತ್ರ ಬಳ್ಳಾರಿಯ ರಾಘವ ಕಲಾಮಂದಿರಕ್ಕೆ ಹೋದದ್ದು ಒಂದೇ ಸಲ.

ಅದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ನಮ್ಮ ಸೀಮೆಯಲ್ಲಿ ಭತ್ತ ಬಂತು, ಭತ್ತದ ಹಿಂದೆ ಕೈಯಲ್ಲಿ ನಾಲ್ಕು ಕಾಸು ಬಂತು, ಕಾಸಿನ ಹಿಂದೆ ನಾಟಕ ಬಂತು. ಸುಗ್ಗಿ ಕಳೆದರೆ ಸಿರುಗುಪ್ಪದಿಂದ ಕುರುಗೋಡಿನವರೆಗೆ ಯಾವ ಊರಿಗೆ ಹೋದರೂ ಒಂದು ಚಪ್ಪರ, ಒಂದು ಪೇಟಿ, ಒಬ್ಬ ದುರ್ಯೋಧನ. ನಮ್ಮೂರಿನ ಪೇಟಿ ಮಾಸ್ತರ ನಮ್ಮ ದೊಡ್ಡಪ್ಪ. ಬೇಸಾಯದಲ್ಲಿ ಅಷ್ಟಕ್ಕಷ್ಟೇ, ಆದರೆ ಅಕ್ಷರ ಬಾರದವನಿಗೂ ಮೂರು ತಿಂಗಳಲ್ಲಿ ಇಡೀ ಕರ್ಣನ ಪಾತ್ರ ಬಾಯಿಪಾಠ ಮಾಡಿಸುತ್ತಿದ್ದ. ಪಾತ್ರ ಹಂಚುವುದಕ್ಕೆ ಅವನದೇ ಒಂದು ನ್ಯಾಯವಿತ್ತು. ಖರ್ಚಿಗೆ ಹೆಚ್ಚು ದುಡ್ಡು ಹಾಕಿದವನು ದುರ್ಯೋಧನ, ಕಂಠ ಚೆನ್ನಾಗಿದ್ದವನು ಕೃಷ್ಣ, ಎರಡೂ ಇಲ್ಲದವನು ಧರ್ಮರಾಯ. ದ್ರೌಪದಿಗೆ ಮಾತ್ರ ಮರಿಯಮ್ಮನಹಳ್ಳಿಯಿಂದ ಕಲಾವಿದೆಯನ್ನು ಕರೆಸಬೇಕು. ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಾಟಕದ ದಿನ ಸಂಜೆ ಬಸ್ಸಿಳಿದು ಬಂದು, "ಯಾವ ಕುರುಕ್ಷೇತ್ರರೀ, ಯಾರ ಬರದದ್ದು?" ಎಂದು ಕೇಳಿ, ಚಾ ಕುಡಿದು, ಬಣ್ಣ ಹಚ್ಚಿಕೊಳ್ಳಲು ಕೂಡುತ್ತಿದ್ದರು.

ಊರಲ್ಲಿ ಎರಡು ಸಲ ಆಡಿ ಗೆದ್ದ ನಾಟಕವನ್ನು ಬಳ್ಳಾರಿಗೆ ಒಯ್ಯಬೇಕೆಂಬ ಹುಚ್ಚು ಹತ್ತಿದ್ದು ನಮ್ಮ ದುರ್ಯೋಧನನಿಗೆ. ಹಿಂದಿನ ಚಪ್ಪರದಲ್ಲಿ ಅವನಿಗೆ ಬಿದ್ದ ಆಯೇರಿಯ ನೋಟುಗಳೇ ಅವನ ತಲೆ ತಿರುಗಿಸಿದ್ದವು. ದೊಡ್ಡಪ್ಪ ಮೊದಲು ಒಪ್ಪಲಿಲ್ಲ.

"ಅದು ರಾಘವಾಚಾರ್ಯರ ಹೆಸರಿನ ಜಾಗಾ ಐತಪ್ಪಾ. ಅಲ್ಲಿ ನಮ್ಮ ಆಟ ನಡಿಯಂಗಿಲ್ಲ."

"ರಾಘವಾಚಾರ್ಯರು ಸತ್ತು ಎಷ್ಟು ವರ್ಷ ಆತು ಮಾಸ್ತರ?"

"ಸತ್ತರೇನಾತು, ಅವರನ್ನ ನೋಡಿದ ಮಂದಿ ಇನ್ನೂ ಅದಾರ."

ಬಳ್ಳಾರಿ ರಾಘವ ಎಂದರೆ ಯಾರು ಎಂದು ಹುಡುಗರು ಇಲ್ಲಿ ಕೇಳಿಯೇ ಕೇಳುತ್ತಾರೆ. ಕಥೆ ನಿಲ್ಲಿಸಿ ನಾನು ಇದನ್ನು ಹೇಳಬೇಕಾಗುತ್ತದೆ. ಹೇಳುವುದು ನನಗೂ ಇಷ್ಟವೇ.

ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲಾ ಕೇಂದ್ರ, ದಂಡಿನ ಊರು. ದೊರೆಗಳಿಗೆ ಅವರವರ ಕ್ಲಬ್ಬು, ಕೂಟ. ಕೋರ್ಟು ಕಚೇರಿಯ ನಮ್ಮವರೂ ಸುಮ್ಮನೆ ಕೂರಲಿಲ್ಲ, ಸನ್ಮಾರ್ಗ ಸಮಾಜವೆಂದು ಒಂದು ಕಟ್ಟಿಕೊಂಡರು, ಆಮೇಲೆ ನಾಟಕದ ಸಭೆಗಳನ್ನು ಕಟ್ಟಿಕೊಂಡರು. ಸಭೆ ಎಂದರೆ ಸಂಬಳದ ಕಂಪನಿಯಲ್ಲ. ಹಗಲು ಕೋರ್ಟಿನಲ್ಲಿ ಎದುರುಬದುರು ವಾದ ಮಾಡಿದವರು ರಾತ್ರಿ ಒಂದೇ ದೀಪದ ಕೆಳಗೆ ಮಾತು ಒಪ್ಪಿಸುವ ಬಳಗ. ಧರ್ಮವರಂ ಕೃಷ್ಣಮಾಚಾರ್ಯರು ಸರಸ ವಿನೋದಿನಿ ಸಭೆ ನಡೆಸಿದರು, ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮಾ ಸಭೆ. ಇಬ್ಬರೂ ವಕೀಲರೇ. ಒಬ್ಬರನ್ನು ತೆಲುಗರು ಆಂಧ್ರ ನಾಟಕ ಪಿತಾಮಹ ಎನ್ನುತ್ತಾರೆ, ಇನ್ನೊಬ್ಬರನ್ನು ಚಾರಿತ್ರಿಕ ನಾಟಕದ ಪಿತಾಮಹ ಎನ್ನುತ್ತಾರೆ. ಒಂದೇ ಊರಿನಲ್ಲಿ ಇಬ್ಬರು ಪಿತಾಮಹರಿದ್ದ ಮೇಲೆ ಪೈಪೋಟಿ ಇರದೆ ಹೇಗೆ? ಈ ಸಭೆಗಳ ನಡುವೆ ಬಳ್ಳಾರಿಯ ಜನ ಹರಿದು ಹಂಚಿಹೋಗಿದ್ದರಂತೆ. ಶ್ರೀನಿವಾಸರಾಯರು ಹುಟ್ಟಿದ್ದು ಹಂಪಿಯ ಮಗ್ಗುಲ ಕಮಲಾಪುರದಲ್ಲಿ, 1854ರಲ್ಲಿ. ಆ ಹಾಳು ಗೋಡೆಗಳನ್ನು ನೋಡುತ್ತ ಬೆಳೆದವರು ವಿಜಯನಗರ ಬಿದ್ದ ಕಥೆಯನ್ನೇ ನಾಟಕ ಮಾಡಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಬರೆದದ್ದು ತೆಲುಗಿನಲ್ಲಿ. ತೆಲುಗು ನಾಡಿಗೆ ಹೊಸ ಬಗೆಯ ನಾಟಕದ ಗೀಳು ಹಚ್ಚಿದ್ದು 1880ರ ಸುಮಾರಿಗೆ ಆ ಕಡೆ ತಿರುಗಾಡಿದ ಧಾರವಾಡದ ಒಂದು ನಾಟಕ ಕಂಪನಿ ಎಂದು ಅವರ ರಂಗಭೂಮಿಯ ಚರಿತ್ರೆ ಬರೆದವರೇ ಒಪ್ಪುತ್ತಾರೆ. ಕೊಟ್ಟವರು ಯಾರು, ತೆಗೆದುಕೊಂಡವರು ಯಾರು ಎಂದು ಗೆರೆ ಎಳೆಯಹೋದರೆ ನಮ್ಮ ಸೀಮೆಯಲ್ಲಿ ಗೆರೆ ನಿಲ್ಲುವುದಿಲ್ಲ.

ರಾಘವರು, ಅಂದರೆ ತಾಡಪತ್ರಿ ರಾಘವಾಚಾರ್ಯರು, ಈ ಕೃಷ್ಣಮಾಚಾರ್ಯರ ಸೋದರಳಿಯ. ಹುಟ್ಟಿದ್ದು 1880ರಲ್ಲಿ. ಅವರೂ ವಕೀಲರು, ಕ್ರಿಮಿನಲ್ ಕೇಸುಗಳಲ್ಲಿ ದೊಡ್ಡ ಹೆಸರು, ಸರ್ಕಾರಿ ವಕೀಲರೂ ಆಗಿದ್ದರು. ತಮಾಷೆ ಏನೆಂದರೆ, ಸೋದರಮಾವ ನಾಟಕದೊಳಗೆ ರಾಗ ಹಾಕಿದ ಹಾಡು-ಪದ್ಯ ತುಂಬಿದವರು. ಅಳಿಯ ಅದನ್ನೆಲ್ಲ ಹೊರಗೆ ಹಾಕಲು ನಿಂತವರು. ಪಾತ್ರ ಸಾಯುತ್ತಿರುವಾಗ ಆಲಾಪನೆ ಏತಕ್ಕೆ ಎಂಬುದು ರಾಘವರ ವಾದ. ಮಾತು ಮನುಷ್ಯರ ಮಾತಿನಂತಿರಲಿ, ನಟನೆ ಮುಖದಲ್ಲಿರಲಿ. ಹೆಂಗಸರ ಪಾತ್ರವನ್ನು ಹೆಂಗಸರೇ ಮಾಡಲಿ ಎಂದು ಹಟ ಹಿಡಿದು, ಬೈಗುಳ ತಿಂದು, ಕೊಮ್ಮೂರಿ ಪದ್ಮಾವತೀದೇವಿಯಂಥವರನ್ನು ಜೊತೆಗೆ ನಿಲ್ಲಿಸಿಕೊಂಡರು. ಮುಂದೆ ಮದ್ರಾಸ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದ ಪಿ.ವಿ. ರಾಜಮನ್ನಾರ್ ಬರೆದ 'ತಪ್ಪೆವರಿದಿ' ಎಂಬ ಸಾಮಾಜಿಕ ನಾಟಕವನ್ನು ರಂಗಕ್ಕೆ ತಂದವರೂ ಇವರೇ. ಬರೆದವರೂ ಕರಿಕೋಟಿನವರು, ಆಡಿದವರೂ ಕರಿಕೋಟಿನವರು. 1928ರಲ್ಲಿ ಇಂಗ್ಲೆಂಡಿಗೆ ಹೋಗಿ ಬರ್ನಾರ್ಡ್ ಷಾ ಅವರನ್ನು ಕಂಡು ಬಂದರು. ಕೊನೆಗಾಲದಲ್ಲಿ ಸಿನಿಮಾಕ್ಕೂ ಇಳಿದರು, ಗೂಡವಲ್ಲಿ ರಾಮಬ್ರಹ್ಮಂ ಅವರ 'ರೈತು ಬಿಡ್ಡ' (1939) ಅದರಲ್ಲೊಂದು. 1946ರ ಏಪ್ರಿಲಿನಲ್ಲಿ ತೀರಿಕೊಂಡರು. 1981ರಲ್ಲಿ ಅವರ ಮುಖ ಅಂಚೆಚೀಟಿಯ ಮೇಲೂ ಬಂತು. ಅವರ ನೆನಪಿಗೆಂದು ಕಟ್ಟಿಕೊಂಡ ರಾಘವ ಮೆಮೋರಿಯಲ್ ಅಸೋಸಿಯೇಷನ್ನಿನದೇ ಆ ಕಲಾಮಂದಿರ.

ಅಲ್ಲಿಗೆ ಹೊರಟಿತು ನಮ್ಮ ಸವಾರಿ. ಒಂದು ಟ್ರ್ಯಾಕ್ಟರು, ಟ್ರೇಲರಿನಲ್ಲಿ ಹುಲ್ಲು ಹಾಸಿ ಅದರ ಮೇಲೆ ಪೇಟಿ, ತಬಲಾ, ಎರಡು ಗದೆ. ಗದೆಗಳಿಗೆ ಬೆಳ್ಳಿ ಕಾಗದ ಅಂಟಿಸಿದವನು ನಾನೇ. ದಾರಿಯಲ್ಲಿ ಒಂದು ಬಿಚ್ಚಿ ಹೋಗಿ ಭೀಮನ ಗದೆಯ ಕುಂಬಳಕಾಯಿ ಬುರುಡೆ ಹೊರಗೆ ಕಾಣಿಸತೊಡಗಿತು. ಜರಿ ಡ್ರೆಸ್ಸು, ಕಿರೀಟ, ಸೀನು ಎಲ್ಲ ಬಳ್ಳಾರಿಯಲ್ಲೇ ಬಾಡಿಗೆಗೆ. ಅರಮನೆ ಸೀನು, ಕಾಡಿನ ಸೀನು, ಬೀದಿ ಸೀನು, ಮೂರಕ್ಕೆ ಮುಂಗಡ ಕೊಟ್ಟಾಗಿತ್ತು. ನಲವತ್ತು ಕಿಲೋಮೀಟರಿನ ಆಸುಪಾಸಿನ ದಾರಿ ಮುಗಿಯುವ ಹೊತ್ತಿಗೆ ಧೂಳಿನಲ್ಲಿ ಪಾಂಡವರು ಯಾರು ಕೌರವರು ಯಾರು ಗೊತ್ತಾಗದಂತಾಗಿತ್ತು.

ನಮ್ಮೂರಿನಿಂದ ನೂರಾರು ಮಂದಿ ಬಸ್ಸು, ಲಾರಿ ಹತ್ತಿ ಬಂದಿದ್ದರು. ಬಳ್ಳಾರಿಯವರೂ ಬಂದರು. ಅವರಲ್ಲಿ ಕನ್ನಡದವರೆಷ್ಟು, ತೆಲುಗಿನವರೆಷ್ಟು ಎಂದು ಕೇಳಿದರೆ ಹೇಳುವುದು ಕಷ್ಟ. ಅಲ್ಲಿ ಒಬ್ಬೊಬ್ಬರೂ ಅರ್ಧರ್ಧ. ಮುಂದಿನ ಸಾಲಿನ ಕುರ್ಚಿಯಲ್ಲಿ ಬಿಳಿ ಧೋತರ, ಕೋಟು ಹಾಕಿದ ಒಬ್ಬ ಹಿರಿಯರು ಊರುಗೋಲಿನ ಮೇಲೆ ಗಲ್ಲ ಇಟ್ಟುಕೊಂಡು ಕೂತಿದ್ದರು. ಎಪ್ಪತ್ತು ದಾಟಿತ್ತು. ಕೋರ್ಟಿನಿಂದ ನಿವೃತ್ತಿಯಾದ ವಕೀಲರಂತೆ. ಚಿಕ್ಕಂದಿನಲ್ಲಿ ರಾಘವರ ನಾಟಕ ನೋಡಿದವರು ಎಂದು ಯಾರೋ ದೊಡ್ಡಪ್ಪನ ಕಿವಿಗೆ ಹಾಕಿದರು. ದೊಡ್ಡಪ್ಪ ಪೇಟಿಯ ಬಾತೆ ಬಿಡುವ ಮೊದಲು ಅವರ ಕಡೆಗೊಂದು ನಮಸ್ಕಾರ ಮಾಡಿದ. ಅವರು ತಲೆ ಆಡಿಸಿದರು, ಅಷ್ಟೇ.

ರಾತ್ರಿ ಹತ್ತಕ್ಕೆ ಶುರುವಾದ ನಾಟಕ ಕೃಷ್ಣ ಸಂಧಾನಕ್ಕೆ ಬರುವ ಹೊತ್ತಿಗೆ ಒಂದು ಗಂಟೆ. ನಡುನಡುವೆ ಆಯೇರಿ. ಪಾತ್ರಧಾರಿ ಒಂದು ಪದ್ಯ ಮುಗಿಸುವುದೇ ತಡ, ಯಾರೋ ವೇದಿಕೆ ಹತ್ತಿ ಎದೆಗೆ ನೋಟು ಚುಚ್ಚುತ್ತಾರೆ, ಮೈಕಿನಲ್ಲಿ ಅವರ ಹೆಸರು, ಅವರಪ್ಪನ ಹೆಸರು, ಊರು, ಮೊತ್ತ ಓದುತ್ತಾರೆ. ಅಲ್ಲಿಯ ತನಕ ದುರ್ಯೋಧನನ ಸಭೆ ಕಾಯುತ್ತ ನಿಂತಿರಬೇಕು. ಪೇಟೆಯವರಿಗೆ ಇದು ಕಿರಿಕಿರಿ. ನನಗೆ ಇವತ್ತಿಗೂ ಚಂದ. ಇಸ್ಪೀಟು ಬಿಟ್ಟು ಬೇರೆ ಯಾವುದಕ್ಕೂ ಜೇಬಿಗೆ ಕೈ ಹಾಕದ ಮನುಷ್ಯ ಒಂದು ಪದ್ಯಕ್ಕೆ ಹತ್ತು ರೂಪಾಯಿ ಬಿಚ್ಚುವುದನ್ನು ಮತ್ತೆಲ್ಲಿ ನೋಡುವುದು?

ಆಗ ನಮ್ಮ ಕೃಷ್ಣ ಒಂದು ಕೆಲಸ ಮಾಡಿದ. ದೊಡ್ಡಪ್ಪನನ್ನೂ ಕೇಳದೆ, ಕನ್ನಡ ಪದ್ಯದ ಜಾಗದಲ್ಲಿ ತೆಲುಗಿನ ರಾಯಬಾರದ ಪದ್ಯ ಎತ್ತಿಕೊಂಡ. ತಿರುಪತಿ ವೆಂಕಟ ಕವಿಗಳ 'ಪಾಂಡವೋದ್ಯೋಗ ವಿಜಯಗಳು' ನಾಟಕದ ಪದ್ಯಗಳನ್ನು ಆ ಕಡೆ ದನ ಕಾಯುವ ಹುಡುಗರೂ ಹಾಡುತ್ತಾರೆ. ನಮ್ಮ ಕೃಷ್ಣನ ಹೆಂಡತಿಯ ತವರು ಆದೋನಿ ಕಡೆ, ಅಲ್ಲಿ ಕಲಿತು ಬಂದಿದ್ದ. ಅವನ ಕಂಠ ಮೇಲಕ್ಕೆ ಹೋದಂತೆ ಅರ್ಧ ಮಂದಿರ ಎದ್ದು ನಿಂತಿತು. "ಒನ್ಸ್ ಮೋರ್! ಒನ್ಸ್ ಮೋರ್!" ಅವನು ಇನ್ನೊಮ್ಮೆ ಹಾಡಿದ. ಮತ್ತೆ ಒನ್ಸ್ ಮೋರ್. ಮೂರನೆಯ ಸಲಕ್ಕೆ ಹಿಂದಿನಿಂದ ನಮ್ಮ ಸಿರುಗುಪ್ಪದ ಕಡೆಯವನೊಬ್ಬ ಕುರ್ಚಿಯ ಮೇಲೆ ಹತ್ತಿ, "ಕನ್ನಡದಾಗ ಹಾಡಲೇ! ನಾವೇನು ಟಿಕೀಟು ತಗೊಂಡಿಲ್ಲೇನು?" ಎಂದ. "ಕೂಡಲೇ ಕೆಳಗ" ಎಂದ ಮತ್ತೊಬ್ಬ. ಯಾರದೋ ಚಪ್ಪಲಿ ಗಾಳಿಯಲ್ಲಿ ಹೋಯಿತು.

ಹುಡುಗರಿಗೆ ಇದು ನಗುವಿನ ಜಾಗ. ದೊಡ್ಡಪ್ಪನಿಗೆ ಆಗ ನಗು ಬಂದಿರಲಿಲ್ಲ. 1953ರಲ್ಲಿ ಅವನು ಹದಿನೆಂಟರ ಹುಡುಗ, ಬಳ್ಳಾರಿಯ ಅಕ್ಕಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಬಳ್ಳಾರಿ ಯಾರಿಗೆ ಎಂಬ ಜಗಳ ಆ ವರ್ಷ ಮನೆಮನೆಗೆ ಹೊಕ್ಕಿತ್ತು. ಬಳ್ಳಾರಿ ತಾಲ್ಲೂಕಿನ ಪ್ರಶ್ನೆ ಬಿಡಿಸಲು ನ್ಯಾಯಮೂರ್ತಿ ಮಿಶ್ರಾ ಅವರ ಆಯೋಗವೇ ಬರಬೇಕಾಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೈಸೂರಿಗೆ ಸೇರಿದವು. ಅಕ್ಟೋಬರ್ 1ರ ವಿಲೀನದ ಸಂಭ್ರಮಕ್ಕೆ ಹಾಕಿದ್ದ ಚಪ್ಪರವನ್ನು ಹಿಂದಿನ ರಾತ್ರಿ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬರ ಮೇಲೆ ಆಸಿಡ್ ಬಲ್ಬು ಎಸೆದು ಕೊಂದರು. ಆ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಕೈ ನಡುಗುತ್ತಿತ್ತು ಎಂದು ದೊಡ್ಡಪ್ಪ ಎಷ್ಟೋ ಸಲ ಹೇಳಿದ್ದ. ಕನ್ನಡದವನೊಬ್ಬ, ತೆಲುಗಿನವನೊಬ್ಬ ಎದುರಾ ಎದುರು ಕೂಗಿಕೊಂಡರೆ ಅವನಿಗೆ ಆ ಬೆಳಗ್ಗೆ ನೆನಪಾಗುತ್ತಿತ್ತು.

ಅವನು ಮೈಕು ಹಿಡಿಯಲಿಲ್ಲ, ಶಾಂತಿ ಶಾಂತಿ ಎನ್ನಲಿಲ್ಲ. ತೆಲುಗು ಪದ್ಯದ ಕೊನೆಯ ಸ್ವರವನ್ನು ಪೇಟಿಯಲ್ಲಿ ಹಾಗೇ ಹಿಡಿದು ಎಳೆದ. ಎಳೆಯುತ್ತ ಎಳೆಯುತ್ತ ಅದೇ ಶ್ರುತಿಯಲ್ಲಿ, ಅದೇ ರಾಗದಲ್ಲಿ ನಮ್ಮ ಕನ್ನಡ ಪದ್ಯದ ಎತ್ತುಗಡೆ ಬಾರಿಸಿದ. ಕೃಷ್ಣನಿಗೆ ಕಣ್ಣು ಮಾಡಿದ. ಕೃಷ್ಣ ಉಸಿರು ತೆಗೆದುಕೊಂಡು ಕನ್ನಡದಲ್ಲಿ ಶುರು ಮಾಡಿದ. ಒಂದು ಪದ್ಯದ ಬಾಲ ಹಿಡಿದು ಇನ್ನೊಂದು ಎದ್ದು ಬಂತು. ಕುರ್ಚಿ ಹತ್ತಿದವನು ಇಳಿದ. ಪದ್ಯ ಮುಗಿದಾಗ ಒನ್ಸ್ ಮೋರ್ ಕೂಗಿದವರಲ್ಲಿ ಎರಡೂ ಕಡೆಯವರಿದ್ದರು. ಅವನು ಎರಡನ್ನೂ ಜೋಡಿಸಿ ಮತ್ತೆ ಹಾಡಿದ, ಆಯೇರಿಯ ನೋಟು ಚುಚ್ಚಲು ಎದೆಯ ಮೇಲೆ ಜಾಗ ಉಳಿಯಲಿಲ್ಲ. ಪೀತಾಂಬರದ ಸೆರಗಿಗೂ ಚುಚ್ಚಿದರು.

ಸೀನು ಬಿತ್ತು. ಬಣ್ಣದ ಕೋಣೆಗೆ ಊರುಗೋಲು ಊರುತ್ತ ಆ ವಕೀಲರು ಬಂದರು. ನಾನು ಓಡಿಹೋಗಿ ಟ್ರಂಕಿನ ಮೇಲೆ ಟವೆಲ್ ಹಾಸಿ ಕೂರಿಸಿದೆ.

"ಮಾಸ್ತರೆ, ಪೇಟಿ ಚೆನ್ನಾಗಿ ಬಾರಿಸ್ತೀರಿ. ಆದರೆ ಇದು ಯಾವ ಅನ್ಯಾಯರೀ? ಕೃಷ್ಣ ಯುದ್ಧ ತಪ್ಪಿಸೋಕೆ ಬಂದಿದಾನೆ. ತುರ್ತಿದೆ ಅವನಿಗೆ. ನೀವು ನಾಲ್ಕು ಸಲ ಹಾಡಿಸ್ತೀರಿ. ಈ ಜಾಗದ ಹೆಸರು ಯಾರದು ಗೊತ್ತೇನು?"

ಗೊತ್ತು ಸ್ವಾಮಿ, ಎಂದ ದೊಡ್ಡಪ್ಪ. ವಕೀಲರು ಬಿಡಲಿಲ್ಲ. 1927ರಲ್ಲಿ ಗಾಂಧೀಜಿ ಮೈಗೆ ಹುಷಾರಿಲ್ಲದೆ ನಂದಿಬೆಟ್ಟದಲ್ಲಿದ್ದಾಗ ರಾಘವರು ಅವರ ಮುಂದೆ ಹಿಂದಿಯಲ್ಲಿ ಕಬೀರನ ನಾಟಕ ಆಡಿದ್ದನ್ನು ಹೇಳಿದರು. ಸಂಜೆಯ ಪ್ರಾರ್ಥನೆಯ ಹೊತ್ತು ಮೀರಿತು ಎಂದು ಪಕ್ಕದಲ್ಲಿದ್ದವರು ನೆನಪಿಸಿದರೆ, ಈಗ ಮಾಡುತ್ತಿರುವುದೂ ಪ್ರಾರ್ಥನೆಯೇ ಅಲ್ಲವೆ ಎಂದರಂತೆ ಗಾಂಧೀಜಿ. ಬಳ್ಳಾರಿಯ ಹಳಬರೆಲ್ಲ ಹೇಳುವ ಕಥೆ ಇದು. ಆ ಕಬೀರನಿಗೆ ಯಾರಾದರೂ ಒನ್ಸ್ ಮೋರ್ ಅಂದಿದ್ದರೆ? ವಕೀಲರು ಕೇಳಿದರು, ಕೋರ್ಟಿನಲ್ಲಿ ಸಾಕ್ಷಿಯನ್ನು ಕೇಳಿದ ಹಾಗೆ.

ದೊಡ್ಡಪ್ಪ ಬೀಡಿ ಆರಿಸಿ ಕಿವಿಯ ಮೇಲೆ ಇಟ್ಟುಕೊಂಡ. "ಸ್ವಾಮಿ, ರಾಘವಾಚಾರ್ಯರು ದೊಡ್ಡ ಮನುಷ್ಯರು. ಆದ್ರ ಅವರು ಬೇಕಂದಾಗ ಬಣ್ಣ ಹಚ್ಚಿದ್ರು. ಈ ಕೃಷ್ಣ ನಾಳೆ ಬೆಳಿಗ್ಗೆ ಗದ್ದಿಗೆ ನೀರು ಕಟ್ಟಬೇಕು. ಅವ ಕೃಷ್ಣ ಆಗೋದು ವರ್ಷಕ್ಕ ಒಂದು ರಾತ್ರಿ. ಆ ಒಂದು ರಾತ್ರ್ಯಾಗ ನಾಕು ಸಲ ಕೃಷ್ಣ ಆದ್ರ ನಿಮ್ದೇನು ಹೋಗ್ತದ?"

ಮೂಲೆಯಲ್ಲಿ ಕೂತು ಬಳೆ ಏರಿಸಿಕೊಳ್ಳುತ್ತಿದ್ದ ದ್ರೌಪದಿ ಕಿಸಕ್ಕೆಂದು ನಕ್ಕರು. "ಅಪ್ಪಾರೆ, ಹೆಂಗಸರ ಪಾರ್ಟು ಹೆಂಗಸರಿಗೇ ಕೊಡಿಸಿದ್ರಂತಲ್ಲ ಅವರು, ಅದಕ್ಕ ಅವರಿಗೆ ದೊಡ್ಡ ನಮಸ್ಕಾರ. ನಮ್ಮ ಮನ್ಯಾಗ ಒಲಿ ಹತ್ತೋದು ಅದರಿಂದನ. ಒನ್ಸ್ ಮೋರ್ ಒಂದು ಬ್ಯಾಡ ಅನಬ್ಯಾಡ್ರಿ. ಆಯೇರಿ ಬರೋದು ಅದರ ಹಿಂದ."

ವಕೀಲರು ಸೋತರೋ ಗೆದ್ದರೋ ನನಗೆ ತಿಳಿಯಲಿಲ್ಲ. ಏಳುವಾಗ ಒಂದೇ ಮಾತು ಹೇಳಿದರು: "ಎಲ್ಲಾ ಕಡೆ ಹಾಡಿಸಿ. ಕೊನೆಗೆ ದುರ್ಯೋಧನ ಸಾಯ್ತಾನಲ್ಲ, ಅಲ್ಲೊಂದು ಪೇಟಿ ನಿಲ್ಲಿಸಿ ನೋಡಿ. ಒಂದು ಸಲ."

ದೊಡ್ಡಪ್ಪ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಬೆಳಗಿನ ಜಾವ ಭೀಮ ತನ್ನ ಕುಂಬಳಕಾಯಿ ಗದೆಯಿಂದ ತೊಡೆಗೆ ಹೊಡೆದ. ದುರ್ಯೋಧನ ಬಿದ್ದ. ಅಲ್ಲಿ ಅವನಿಗೊಂದು ಉದ್ದ ಪದ್ಯವಿತ್ತು, ಖರ್ಚಿಗೆ ಅಷ್ಟು ದುಡ್ಡು ಹಾಕಿದ್ದೇ ಆ ಪದ್ಯಕ್ಕಾಗಿ. ಮಲಗಿದಲ್ಲಿಂದಲೇ ಶ್ರುತಿಗಾಗಿ ದೊಡ್ಡಪ್ಪನ ಕಡೆ ನೋಡಿದ. ದೊಡ್ಡಪ್ಪ ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ದುರ್ಯೋಧನ ಕಾದ. ಪೇಟಿ ಬರಲಿಲ್ಲ. ಗಂಟಲು ಕಟ್ಟಿತೋ, ಸಿಟ್ಟು ಬಂತೋ, ಪದ್ಯವನ್ನು ಬರೀ ಮಾತಿನಲ್ಲಿ ಹೇಳಿಬಿಟ್ಟ. ತಡವರಿಸುತ್ತ, ಅಲ್ಲಲ್ಲಿ ಮರೆಯುತ್ತ. ರಾತ್ರಿಯೆಲ್ಲ ಗುಡುಗಿದ ಮನುಷ್ಯ ನಮ್ಮ ಓಣಿಯ ಒಬ್ಬ ರೈತನ ದನಿಯಲ್ಲಿ, ನನ್ನವರೆಲ್ಲ ಹೋದರು ಅನ್ನುವ ಅರ್ಥದ ಮಾತು ಹೇಳಿದಾಗ ನನ್ನ ಮೈ ಜುಮ್ಮೆಂದಿತು. ಅವನ ತಮ್ಮ ಅದೇ ವರ್ಷ ಕಾಲುವೆಯಲ್ಲಿ ಹೋಗಿದ್ದ. ಊರಿನ ಮಂದಿಗೆ ಅದು ಗೊತ್ತಿತ್ತು. ಮಂದಿರದಲ್ಲಿ ಒಂದು ಕೆಮ್ಮು ಕೇಳಲಿಲ್ಲ.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ, ಪುಣ್ಯಾತ್ಮ, "ಒನ್ಸ್ ಮೋರ್!" ಎಂದ. ಸತ್ತ ದುರ್ಯೋಧನ ಅಭ್ಯಾಸಬಲದಿಂದ ಎದ್ದು ಕೂತ. ಇಡೀ ಮಂದಿರ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನ ವಕೀಲರೂ ಊರುಗೋಲು ನೆಲಕ್ಕೆ ಕುಟ್ಟಿ ನಗುತ್ತಿದ್ದರು.

ಈ ಜಾಗಕ್ಕೆ ಬಂದಾಗಲೆಲ್ಲ ಹುಡುಗರು ಕೇಳುತ್ತಾರೆ, "ಮಾವಾ, ಯಾರದು ಸರಿ, ರಾಘವರದೋ ದೊಡ್ಡಜ್ಜಂದೋ?" ಬಳ್ಳಾರಿಯಲ್ಲಿ ಈಗ ಜೋಳದರಾಶಿ ದೊಡ್ಡನಗೌಡರ ಹೆಸರಿನ ರಂಗಮಂದಿರವೂ ಇದೆ. ಗೌಡರು ಗಮಕಿ, ನಟ, ನಾಟಕಕಾರ. ಹಾಡಿದವರು, ಆಡಿದವರು. 'ರಕ್ತರಾತ್ರಿ'ಯ ದ್ರೌಪದಿಯಾಗಿ ಹೆಸರಾದ ಸುಭದ್ರಮ್ಮ ಮನ್ಸೂರ್ ಅವರು 2020ರಲ್ಲಿ ತೀರಿಕೊಳ್ಳುವ ತನಕ ಅದೇ ಊರಲ್ಲಿದ್ದರು. ಅವರ ಮಾತೂ ಹಾಡೂ ಬೇರೆ ಮಾಡಲು ಬರುತ್ತಿರಲಿಲ್ಲ. ಮೂವರನ್ನೂ ಸಾಕಿದ ಊರಿನ ಮುಂದೆ ನಾನು ಯಾವ ತೀರ್ಪು ಕೊಡಲಿ? ಆದರೂ ಕೇಳಿದರೆ ಹೇಳುತ್ತೇನೆ: ಹಾಡು ಬೇಡವೆನ್ನಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಆ ರಾತ್ರಿ ನೂರಾರು ಪದ್ಯ ಕೇಳಿದೆ, ಇವತ್ತು ನೆನಪಿರುವುದು ಹಾಡದೇ ಬಿಟ್ಟದ್ದೊಂದು.

ಮರುದಿನ ಮಂದಿರದ ಹೊರಗಿನ ಕಟ್ಟೆಯ ಮೇಲೆ ಕೂತು ಲೆಕ್ಕ ಮಾಡಿದೆವು. ಡ್ರೆಸ್ಸಿನ ಬಾಡಿಗೆ, ಸೀನಿನವರ ಬಾಕಿ, ದ್ರೌಪದಿಯವರ ಹಣ, ಟ್ರ್ಯಾಕ್ಟರಿನ ಡೀಸೆಲ್. ಆಯೇರಿಯ ಚೀಟಿಗಳನ್ನು ನಾನು ಒಂದೊಂದಾಗಿ ಓದುತ್ತಿದ್ದೆ, ದೊಡ್ಡಪ್ಪ ಬರೆದುಕೊಳ್ಳುತ್ತಿದ್ದ. ಕೃಷ್ಣನಿಗೆ ಇಷ್ಟು, ಕರ್ಣನಿಗೆ ಇಷ್ಟು. ಕೊನೆಗೆ ಒಂದು ಮಡಿಸಿದ ಕಾಗದ ಸಿಕ್ಕಿತು. ಒಳಗೆ ಹನ್ನೊಂದು ರೂಪಾಯಿ. ಓರಣವಾದ ಅಕ್ಷರದಲ್ಲಿ, ಕನ್ನಡದಲ್ಲೇ ಬರೆದಿತ್ತು: ಪೇಟಿ ಮಾಸ್ತರರಿಗೆ, ಪೇಟಿ ಬಾರಿಸದೆ ಇದ್ದುದಕ್ಕೆ.

ದೊಡ್ಡಪ್ಪ ಅದನ್ನು ನನ್ನ ಕೈಯಿಂದ ಕಸಿದುಕೊಂಡು ಎರಡು ಸಲ ಓದಿದ. "ನೋಡಲೇ, ಇಷ್ಟು ವರ್ಷ ಬೆರಳು ಸವಿಸಿಕೊಂಡು ಬಾರಿಸೀನಿ, ಪೇಟಿಯವಗ ಅಂತ ಒಬ್ಬನೂ ಒಂದು ರೂಪಾಯಿ ಕೊಟ್ಟಿದ್ದಿಲ್ಲ" ಎಂದು ಹನ್ನೊಂದು ರೂಪಾಯಿಯನ್ನು ಲೆಕ್ಕಕ್ಕೆ ಹಿಡಿಯದೆ ಒಳಗಿನ ಜೇಬಿಗೆ ಹಾಕಿಕೊಂಡ.